ಇಷ್ಟೆಲ್ಲ ಯುದ್ಧ ನೋಡಿಯೂ ಇನ್ನೂ ನಂಬುತ್ತೀರಾ?

ಟಿವಿಯಲ್ಲಿ ಗಾಜಾ, ಉಕ್ರೇನ್ ಸುದ್ದಿ ಬಂದಾಗೆಲ್ಲ ಕಾರವಾರದ ಗೆಳೆಯರು ನನ್ನನ್ನು ಕೇಳುವುದು ಇದನ್ನೇ: "ಯೇಸು ಹುಟ್ಟಿದ ನಾಡಲ್ಲೇ ಮಕ್ಕಳು ಸಾಯ್ತಿದ್ದಾರೆ. ಆದರೂ ಭಾನುವಾರ ಇಗರ್ಜಿಗೆ ಹೋಗ್ತೀರಲ್ಲ, ಯಾವ ಧೈರ್ಯದ ಮೇಲೆ?" ಕೆಣಕಲಿಕ್ಕೆ ಕೇಳುವವರು ಕಡಿಮೆ. ಹೆಚ್ಚಿನವರಿಗೆ ನಿಜವಾಗಿಯೂ ತಿಳಿಯಬೇಕಿರುತ್ತದೆ.

ಯುದ್ಧ ನಮ್ಮೂರಿಗೆ ದೂರದ ಮಾತೇನಲ್ಲ. ಅರ್ಗಾದಲ್ಲಿ ಐಎನ್‌ಎಸ್ ಕದಂಬ ನೌಕಾನೆಲೆ ಇದೆ, ಒಳನಾಡಿನ ಕಡೆ ಕೈಗಾ ಅಣು ವಿದ್ಯುತ್ ಸ್ಥಾವರ ಇದೆ. 2025ರ ಮೇ ತಿಂಗಳಲ್ಲಿ ಪಾಕಿಸ್ತಾನದ ಜೊತೆ ಸಂಘರ್ಷ ಶುರುವಾದಾಗ, ಅಣಕು ಕಾರ್ಯಾಚರಣೆ ನಡೆಸಬೇಕಾದ ಊರುಗಳ ಪಟ್ಟಿಯಲ್ಲಿ ಕಾರವಾರದ ಹೆಸರೂ ಇತ್ತು. ಇನ್ನು ಅಂಜದೀವ ದ್ವೀಪ. ಲೆಕ್ಕದಲ್ಲಿ ಅದು ಗೋವಾದ್ದು, ಇರುವುದು ನಮ್ಮ ಮಗ್ಗುಲಲ್ಲೇ. ಪೋರ್ಚುಗೀಸರು ಅಲ್ಲಿ ಕೋಟೆಯನ್ನೂ ಕಟ್ಟಿದರು, ಬ್ರೋಟಾಸ್ ಮಾತೆಯ ಇಗರ್ಜಿಯನ್ನೂ ಕಟ್ಟಿದರು. 1961ರ ಡಿಸೆಂಬರಿನಲ್ಲಿ, ಗೋವಾ ವಿಮೋಚನೆಯ ಹೊತ್ತಿಗೆ, ಆ ದ್ವೀಪಕ್ಕೆ ಇಳಿದ ನಮ್ಮ ನೌಕಾಪಡೆಯ 7 ಮಂದಿ ಸತ್ತರು. ಈಗ ದ್ವೀಪ ನೌಕಾಪಡೆಯ ವಶದಲ್ಲಿದೆ. ಹಬ್ಬಕ್ಕೆ ಜನ ದೋಣಿ ಹತ್ತಿ ಹೋಗುತ್ತಿದ್ದ ಕಾಲ ಮುಗಿಯಿತು.

ಹಾಗಾಗಿ ಶಿಲುಬೆಗೂ ಬಂದೂಕಿಗೂ ಸಂಬಂಧವೇ ಇಲ್ಲ ಅಂತ ನಾನು ಹೇಳಲಾರೆ. ರಷ್ಯಾ, ಉಕ್ರೇನ್ ಎರಡೂ ಕಡೆ ಹೆಚ್ಚಿನವರು ಆರ್ಥೊಡಾಕ್ಸ್ ಕ್ರೈಸ್ತರೇ. ರಷ್ಯಾದ ಆರ್ಥೊಡಾಕ್ಸ್ ಸಭೆಯ ಮುಖ್ಯಸ್ಥ ಕಿರಿಲ್ ಆ ಯುದ್ಧದ ಬೆನ್ನಿಗೆ ನಿಂತರು. ನನ್ನ ನಂಬಿಕೆಗೆ ಬಾಂಬಿಗಿಂತ ಜಾಸ್ತಿ ಪೆಟ್ಟು ಕೊಡುವುದು ಇಂಥದ್ದೇ.

ಆದರೆ ಗಾಜಾ ನೋಡಿ. ಅಲ್ಲಿರುವುದು ಒಂದೇ ಕ್ಯಾಥೊಲಿಕ್ ಇಗರ್ಜಿ, ಪವಿತ್ರ ಕುಟುಂಬದ ಹೆಸರಿನದು. 2023ರ ಅಕ್ಟೋಬರಿನಿಂದ ನೂರಾರು ಜನ ಅದರ ಆವರಣದಲ್ಲಿ ಆಶ್ರಯ ಪಡೆದಿದ್ದರು. ಪೋಪ್ ಫ್ರಾನ್ಸಿಸ್ ಹೆಚ್ಚುಕಡಿಮೆ ದಿನಾ ಸಂಜೆ ಅಲ್ಲಿಗೆ ಫೋನ್ ಮಾಡುತ್ತಿದ್ದರು. ದೊಡ್ಡ ಉಪದೇಶವೇನಲ್ಲ. ಹೇಗಿದ್ದೀರಿ, ಇವತ್ತು ಊಟಕ್ಕೆ ಏನಿತ್ತು, ಇಂಥ ಮಾತು. 2025ರ ಜನವರಿಯಲ್ಲಿ, ಕದನವಿರಾಮದ ಹೊಸತರಲ್ಲಿ, ಅಲ್ಲಿನವರು "ಇವತ್ತು ಬೇಳೆ ಮತ್ತು ಕೋಳಿ ತಿಂದೆವು" ಅಂದರಂತೆ. ಅದನ್ನು ಪೋಪ್ ವ್ಯಾಟಿಕನ್ನಿನಲ್ಲಿ ಸೇರಿದ್ದ ಜನರ ಮುಂದೆ ಹೇಳಿದರು. ನಮ್ಮ ಮನೆಗಳಲ್ಲೂ ಫೋನ್ ಎತ್ತಿದ ಕೂಡಲೇ "ಊಟ ಆಯ್ತಾ" ಅಂತಲೇ ಕೇಳುವುದು, ಅಲ್ವಾ? ಅದೇ ವರ್ಷ ಏಪ್ರಿಲ್ 21ರಂದು ಪೋಪ್ ತೀರಿಕೊಂಡರು. ಅದಕ್ಕೆ ಎರಡು ದಿನ ಮೊದಲೂ ಫೋನ್ ಹೋಗಿತ್ತು.

ಆ ಫೋನಿನಿಂದ ಒಂದು ಬಾಂಬೂ ನಿಲ್ಲಲಿಲ್ಲ. ಜುಲೈ 17ರಂದು ಅದೇ ಇಗರ್ಜಿಗೆ ಇಸ್ರೇಲಿನ ಶೆಲ್ ಬಡಿದು 3 ಜನ ಸತ್ತರು. ಪಾದ್ರಿಯ ಕಾಲಿಗೆ ಗಾಯವಾಯಿತು. ಮುಂದಿನ ತಿಂಗಳು ಗಾಜಾ ನಗರವನ್ನೇ ಖಾಲಿ ಮಾಡಿಸುವ ಮಾತು ಬಂತು. ಆಗಲೂ ಪಾದ್ರಿಗಳು, ಸಿಸ್ಟರ್‌ಗಳು ಹೊರಡಲಿಲ್ಲ. ಅಂಗವಿಕಲರು, ಹಾಸಿಗೆ ಹಿಡಿದ ಮುದುಕರು ಅವರ ಆರೈಕೆಯಲ್ಲಿದ್ದರು. ಅವರನ್ನು ಎಬ್ಬಿಸಿಕೊಂಡು ಎಲ್ಲಿಗೆ ಹೋಗುವುದು? ಯಾವ ಧೈರ್ಯ ಅಂತ ಕೇಳುವವರಿಗೆ ನಾನು ತೋರಿಸುವುದು ಇವರನ್ನೇ. ನಾಳೆ ಯುದ್ಧ ಮುಗಿಯುತ್ತದೆ ಅಂತ ಲೆಕ್ಕ ಹಾಕಿ ಉಳಿದವರಲ್ಲ ಅವರು.

ಯೇಸುವನ್ನು ಶಿಲುಬೆಗೆ ಹಾಕಿದ್ದೂ ಸೈನಿಕರೇ. ಸತ್ತು ಮತ್ತೆ ಎದ್ದು ಬಂದ ಮೇಲೂ ಕೈಯಲ್ಲಿ ಮೊಳೆಯ ಗಾಯ ಹಾಗೇ ಇತ್ತು ಅನ್ನುತ್ತದೆ ಶುಭಸಂದೇಶ. ಪೆಟ್ಟೇ ಬೀಳುವುದಿಲ್ಲ ಅಂತ ನಮಗೆ ಯಾರೂ ಮಾತು ಕೊಟ್ಟಿಲ್ಲ. ಕೊಂದವರದ್ದೇ ಕೊನೆಯ ಮಾತಲ್ಲ, ಅಷ್ಟೇ. ಇದನ್ನು ಸಾಬೀತು ಮಾಡು ಅಂದರೆ ನನ್ನ ಕೈಲಾಗದು.

ಇನ್ನು, ನಂಬುವವರು ಸುಮ್ನೆ ತಲೆಬಾಗಿ ಕೂರಬೇಕು ಅಂತಲೂ ಇಲ್ಲ. ಬೈಬಲ್ಲಿನ 13ನೇ ಕೀರ್ತನೆ ತೆಗೆದು ನೋಡಿ. ಶುರುವಿನಲ್ಲೇ "ಎಷ್ಟರವರೆಗೆ" ಅಂತ ನಾಲ್ಕು ಸಲ ದೇವರನ್ನೇ ತರಾಟೆಗೆ ತೆಗೆದುಕೊಳ್ಳುತ್ತದೆ. ನಿಮ್ಮ ಪ್ರಶ್ನೆ ನಮ್ಮ ಪ್ರಾರ್ಥನೆಯಲ್ಲೇ ಇದೆ.

ಕಷ್ಟ ಇರುವುದು ಬೇರೆ ಕಡೆ. ವೈರಿಗಳಿಗಾಗಿಯೂ ಪ್ರಾರ್ಥಿಸಿ ಅಂದಿದ್ದಾನೆ ಯೇಸು. ಗಡಿಯಲ್ಲಿ ಗುಂಡು ಹಾರುವಾಗ, ನೌಕಾಪಡೆಯವರ ಮನೆಮಂದಿ ಪಕ್ಕದ ಬೆಂಚಿನಲ್ಲೇ ಕೂತಿರುವಾಗ, "ಆ ಕಡೆಯ ಸೈನಿಕರ ತಾಯಂದಿರಿಗಾಗಿಯೂ" ಅನ್ನಲಿಕ್ಕೆ ನಾಲಿಗೆ ಏಳುವುದಿಲ್ಲ. ನಮ್ಮ ಹುಡುಗರು ಕ್ಷೇಮವಾಗಿ ಮನೆಗೆ ಬರಲಿ ಅಂತ ಎಷ್ಟು ಸಲ ಬೇಕಾದರೂ ಬೇಡುತ್ತೇನೆ. ಅವರ ಊರು ಸುಟ್ಟುಹೋಗಲಿ ಅಂತ ಬೇಡು ಅಂದರೆ ಮಾತ್ರ, ಕೇಳಿದವರು ಯಾರೇ ಆಗಲಿ, ನಾನು ಒಲ್ಲೆ.