22 ಹಾಡು, 23 ತುಂಡು

ಕೊನೆಗೂ ಆಯ್ತು. ಅಮೆರಿಕದ ಪಂಕ್ ಬ್ಯಾಂಡ್ ಡಿ.ಆರ್.ಐ.ನ ಮೊದಲ ರೆಕಾರ್ಡ್ ತಟ್ಟೆಯಿಂದ ಕಂಪ್ಯೂಟರಿಗೆ ಇಳಿದು, ನಿನ್ನೆ ರಾತ್ರಿ ಒಂದೂವರೆಗೆ 22 ಫೈಲ್ ಆಗಿ ಫೋಲ್ಡರ್‌ನಲ್ಲಿ ಕೂತಿತು. ಹಿಡಿದದ್ದು ಮೂರು ವಾರ. ಹಾಡೆಲ್ಲ ಸೇರಿಸಿದರೂ ಸುಮಾರು 18 ನಿಮಿಷ ಅಷ್ಟೇ.

ತಟ್ಟೆ ತೊಳೆದದ್ದು, ಪ್ಲೇಯರ್ ಸೂಜಿಯ ಭಾರ ಹೊಂದಿಸಿದ್ದು ಎಲ್ಲ ಮಾಮೂಲು, ಬಿಡಿ. ಆದರೆ ಆನ್‌ಲೈನ್‌ನಲ್ಲಿ ತರಿಸಿದ ಮೊದಲ ಸೂಜಿ ಸೊಂಟ ಮುರಿದುಕೊಂಡೇ ಬಂತು. ಫೋಟೋ ಕಳಿಸಿದರೆ ಮಾರಿದವರು "ಸರ್, ಅದು ಇರೋದೇ ಹಾಗೆ" ಅಂದರು. ಎರಡನೆಯದಕ್ಕೆ ಮತ್ತೆ ದುಡ್ಡು ಕೊಟ್ಟೆ.

ತಲೆ ತಿಂದದ್ದು ಹಾಡು ಬಿಡಿಸುವ ಕೆಲಸ. ಆಡಾಸಿಟಿ ಅನ್ನುವ ಧ್ವನಿ ಕತ್ತರಿಸುವ ಸಾಫ್ಟ್‌ವೇರ್‌ಗೆ ಒಂದು ಸೆಕೆಂಡ್ ಮೌನ ಸಿಕ್ಕ ಕಡೆ ಕತ್ತರಿಸು ಅಂದೆ. ಇಡೀ ಬದಿ ಒಂದೇ ಹಾಡು ಅಂದಿತು. 1982ರಲ್ಲಿ ಹ್ಯೂಸ್ಟನ್‌ನಲ್ಲಿ 7 ಇಂಚಿನ ತಟ್ಟೆಗೆ 22 ಹಾಡು ತುರುಕಿದವರು ಇವರು, ನಡುವೆ ಉಸಿರಾಡಲು ಜಾಗ ಬಿಟ್ಟಿದ್ದರೆ ತಾನೇ? (ನನ್ನದು ಆಮೇಲೆ ಬಂದ 12 ಇಂಚಿನ ಪ್ರತಿ. ಮೂಲ ಪ್ರತಿ ನಮ್ಮಂಥವರ ಜೇಬಿಗಲ್ಲ.) ಸರಿ, 0.2 ಸೆಕೆಂಡಿಗೆ ಇಳಿಸಿದೆ. 61 ತುಂಡು! ಯಾಕೆಂದರೆ ಹಾಡಿನ ಮಧ್ಯದಲ್ಲೇ ನಾಲ್ವರೂ ಒಟ್ಟಿಗೆ ಗಕ್ಕನೆ ನಿಲ್ಲುತ್ತಾರೆ, ನಾವು ಮುಗೀತು ಅಂದುಕೊಳ್ಳುವಷ್ಟರಲ್ಲಿ ಮತ್ತೆ ಓಟ ಕೀಳುತ್ತಾರೆ, ಸಾಲದ್ದಕ್ಕೆ ನಿಜವಾಗಿ ಮುಗಿದ ಕಡೆ ಧೂಳಿನ ಚಟಪಟ ಬಂದು ಅದನ್ನೂ ಸಾಫ್ಟ್‌ವೇರ್ ಸಂಗೀತ ಅಂತ ಎಣಿಸುತ್ತೆ.

ಹತ್ತು ದಿನ ಆ ಅಂಕಿ ಈ ಅಂಕಿ ಬದಲಿಸಿ ಸಾಕಾಗಿ, ಒಂದಿನ ಸುಮ್ನೆ ಸ್ಪೆಕ್ಟ್ರೋಗ್ರಾಮ್ ತೆರೆದೆ, ಅಂದರೆ ಧ್ವನಿಯನ್ನು ಚಿತ್ರವಾಗಿ ತೋರಿಸುವ ಕಿಟಕಿ, ಕೀರಲು ಸದ್ದು ಮೇಲೆ, ದಪ್ಪ ಸದ್ದು ಕೆಳಗೆ. ಅಲ್ಲೇ ಇತ್ತು ಉತ್ತರ. ಮಧ್ಯದಲ್ಲಿ ನಿಂತಾಗ ಡ್ರಮ್ಮಿನ ಜೊತೆಗಿರುವ ಸಿಂಬಲ್ ತಟ್ಟೆಯ ಗುಂಯ್ ನಿಲ್ಲುವುದಿಲ್ಲ, ಮೇಲ್ಭಾಗದಲ್ಲಿ ಮಸುಕು ಹೊಗೆಯ ಹಾಗೆ ಉಳಿದಿರುತ್ತೆ. ಹಾಡು ಮುಗಿದಲ್ಲಿ ಬಾಗಿಲ ಸಂದಿಯಂಥ ಕಪ್ಪು ಗೀಟು. ಧೂಳಿನದು ಕೂದಲೆಳೆಯಷ್ಟು ತೆಳು ಗೆರೆ, ಮೋಸ ಹೋಗುವ ಹಾಗಿಲ್ಲ. ಗೀಟು ಗೀಟಿಗೂ ಕೈಯಲ್ಲೇ ಗುರುತು ಹಾಕಿ ಎಣಿಸಿದರೆ 23. ಅಯ್ಯೋ! ಸಾಹಿತ್ಯದ ಹಾಳೆ ಹಿಡಿದು ಮೊದಲಿಂದ ಕೇಳಿದಾಗ ತಿಳಿಯಿತು, ಒಂದು ಹಾಡನ್ನು ನಾನೇ ನಡುವೆ ಸೀಳಿದ್ದೆ.

ಇದೇ ಸಿಟ್ಟಲ್ಲಿ ಇವರದೇ 1987ರ ಆಲ್ಬಮ್ ಕ್ರಾಸ್‌ಓವರ್ ಹಾಕಿದೆ. ಮೊದಲ ಸಲಕ್ಕೇ ಸರಿಯಾಗಿ 12 ತುಂಡು. 1985ರ ಡೀಲಿಂಗ್ ವಿತ್ ಇಟ್‌ನಲ್ಲೂ 25 ಹಾಡು ಇದ್ದವು ನೋಡಿ, ಎರಡೇ ವರ್ಷದಲ್ಲಿ ಸ್ಪೈಕ್ ಕ್ಯಾಸಿಡಿಯ ಗಿಟಾರ್ ಮೆಟಲ್ ಕಡೆ ತಿರುಗಿ ಹಾಡು ಉದ್ದವಾದವು, ರಿಫ್‌ಗಳು (ಮತ್ತೆ ಮತ್ತೆ ಬರುವ ಗಿಟಾರ್ ತುಣುಕುಗಳು) ನಿಂತು ಮಾತಾಡುವಷ್ಟು ನಿಧಾನವಾದವು. ಪಂಕ್, ಮೆಟಲ್ ಬೆರೆತ ಇಡೀ ಶೈಲಿಗೇ ಆ ಆಲ್ಬಮ್ ಹೆಸರು ಅಂಟಿತು. ಪಂಕ್ ಕಡೆಯವರು ಆಗ ಬೈದದ್ದೇನೋ ನಿಜ. ನನ್ನ ಸಾಫ್ಟ್‌ವೇರ್ ಮಾತ್ರ ಕೈ ಮುಗಿಯಿತು. ನನಗೆ ಈಗಲೂ ಆ ಮೊದಲ ಗಲಾಟೆಯೇ ಇಷ್ಟ.

ಇನ್ನು ಉಳಿದದ್ದು ಜಾಸ್ತಿ ಇಲ್ಲ. 1995ರ ಫುಲ್ ಸ್ಪೀಡ್ ಅಹೆಡ್ ಆದಮೇಲೆ ಅವರದು ಪೂರ್ತಿ ಆಲ್ಬಮ್ ಬಂದಿಲ್ಲ. 2006ರಲ್ಲಿ ಸ್ಪೈಕ್‌ಗೆ ಕರುಳಿನ ಕ್ಯಾನ್ಸರ್ ಆಯಿತು, ಗುಣವಾಗಿ ಮತ್ತೆ ಟೂರ್ ಹೊರಟರು, 2016ರಲ್ಲಿ ಒಂದು ಇಪಿ (ಕೆಲವೇ ಹಾಡಿನ ಪುಟ್ಟ ರೆಕಾರ್ಡ್) ಬಂತು.

ಅಂದ ಹಾಗೆ, ಬ್ಯಾಂಡಿನ ಪೂರ್ತಿ ಹೆಸರು ಡರ್ಟಿ ರಾಟನ್ ಇಂಬೆಸೈಲ್ಸ್. ಹಾಡುಗಾರ ಕರ್ಟ್ ಬ್ರೆಕ್ಟ್‌ನ ಅಪ್ಪ ಮನೆಯಲ್ಲಿ ಪ್ರಾಕ್ಟೀಸ್ ಗದ್ದಲ ತಡೆಯಲಾರದೆ ಬೈದ ಬೈಗುಳವಂತೆ. ನಮ್ಮಪ್ಪನ ಕೈಗೆ ಸಿಕ್ಕಿದ್ದರೆ ಬ್ಯಾಂಡಿಗೆ 'ದರಿದ್ರ ಮುಂಡೇವು' ಅಂತ ಹೆಸರಾಗಿರುತ್ತಿತ್ತು.

ಮುಂದಿನದು ಟೀಶರ್ಟ್. ಕರ್ಟ್‌ನ ತಮ್ಮ, ಮೊದಲ ಡ್ರಮ್ಮರ್ ಎರಿಕ್ ಬಿಡಿಸಿದ ಆ ಕುಣಿಯುವ ಮನುಷ್ಯನ ಲೋಗೋ ಇದೆಯಲ್ಲ, ಅದನ್ನು ಹಳೇ ಎಕ್ಸ್‌ರೇ ಹಾಳೆಯಲ್ಲಿ ಕತ್ತರಿಸಿ ಬಣ್ಣ ಒತ್ತುವ ಯೋಚನೆ. ಇವತ್ತು ಬೆಳಗ್ಗೆ ಬ್ಲೇಡ್ ಜಾರಿ ಒಂದು ಕಾಲು ಹೋಯಿತು. ಎಕ್ಸ್‌ರೇ ಇನ್ನೊಂದಿದೆ, ಅಮ್ಮನ ಮಂಡಿಯದ್ದು. ಕೇಳಬೇಕು.