ಸ್ಕೂಲ್ ಸೈಕಾಲಜಿ ಓದಿದರೆ ಕೊನೆವರೆಗೂ ಶಾಲೆಯಲ್ಲೇ ಇರಬೇಕಾ?

"ಮಗಳು ಸೈಕಾಲಜಿ ಓದ್ತೀನಿ ಅಂತ ಹಟ ಹಿಡಿದಿದ್ದಾಳೆ ಅಕ್ಕಾ. ನಿಮ್ಮ ಲೈನಿಗೆ ಬಂದ್ರೆ ಕೊನೆವರೆಗೂ ಶಾಲೇಲೇ ಇರಬೇಕಾ? ಡೀನ್-ಗೀನ್ ಆಗೋ ಅವಕಾಶ ಉಂಟಾ?" ಇಲ್ಲಿ ಕ್ಯಾಲಿಫೋರ್ನಿಯಾದ ಕನ್ನಡ ಕೂಟದ ಊಟದ ಸಾಲಿನಲ್ಲಿ ಯಾರಾದರೊಬ್ಬರು ಇದನ್ನು ಕೇಳದೆ ಬಿಡುವುದಿಲ್ಲ. ಮೈಸೂರಿನಿಂದ ಫೋನ್ ಮಾಡುವ ನೆಂಟರದೂ ಇದೇ ಪ್ರಶ್ನೆ. ಡೀನ್ ಆಗಬಹುದು, ಆದವರಿದ್ದಾರೆ. ಆದರೆ ಅಷ್ಟು ಹೇಳಿ ಹಪ್ಪಳ ಮುರಿಯಲು ಮನಸ್ಸು ಒಪ್ಪುವುದಿಲ್ಲ.

ಮೊದಲು ಕೆಲಸದ ವಿಷಯ. ನಾನು ಇಲ್ಲಿನ ಸ್ಕೂಲ್ ಸೈಕಾಲಜಿಸ್ಟ್, ಅಂದರೆ ಶಾಲೆಯ ಮನಶ್ಶಾಸ್ತ್ರಜ್ಞೆ; ಕೌನ್ಸೆಲರ್ ಅಲ್ಲ. ಅಂಗವಿಕಲ ಮಕ್ಕಳಿಗೆ ಸರ್ಕಾರಿ ಶಾಲೆ ಉಚಿತವಾಗಿ, ತಕ್ಕ ಶಿಕ್ಷಣ ಕೊಡಲೇಬೇಕೆಂದು ಅಮೆರಿಕದಲ್ಲಿ 1975ರಲ್ಲಿ ಕಾನೂನು ಬಂತು. ಯಾವ ಮಗುವಿಗೆ ಏನು ತೊಂದರೆ, ಎಂಥ ನೆರವು ಬೇಕು ಎಂದು ನೋಡುವವರು ಬೇಕಾದರು. ನಮ್ಮ ವೃತ್ತಿ ಬೆಳೆದದ್ದು ಹಾಗೆ. ತಂದೆತಾಯಿ ಒಪ್ಪಿ ಸಹಿ ಹಾಕಿದ ಮೇಲೆ ನಮಗೆ 60 ದಿನ. ಅಷ್ಟರಲ್ಲಿ ಮಗುವಿಗೆ ಬುದ್ಧಿಶಕ್ತಿ, ಕಲಿಕೆಯನ್ನು ಅಳೆಯುವ ಪರೀಕ್ಷೆಗಳನ್ನು ಕೊಟ್ಟು, ತರಗತಿಯ ಹಿಂದೆ ಕೂತು ನೋಡಿ, ಮೇಷ್ಟ್ರುಗಳ ಹತ್ತಿರ ಮಾತಾಡಿ, ವರದಿ ಬರೆದು, ಎಲ್ಲರನ್ನೂ ಒಂದು ಮೇಜಿನ ಸುತ್ತ ಕೂರಿಸಬೇಕು. ಪರೀಕ್ಷೆ ಮಾಡುವುದನ್ನು ಯಾರಾದರೂ ಕಲಿಯಬಹುದು. ಕಷ್ಟ ಇರುವುದು ಆ ಮೇಜಿನಲ್ಲಿ. "ಇವನು ಸೋಮಾರಿ" ಎನ್ನುವ ಟೀಚರ್, "ನನ್ನ ಮಗನಿಗೆ ಏನೂ ಆಗಿಲ್ಲ" ಎನ್ನುವ ಅಪ್ಪ, ಖರ್ಚಿನ ಲೆಕ್ಕ ಹಾಕುತ್ತಿರುವ ಪ್ರಿನ್ಸಿಪಾಲ್. ದೊಡ್ಡವರು ಬದಲಾಗದೆ ಮಗುವಿನ ಪಾಡು ಬದಲಾಗುವುದಿಲ್ಲ.

ಡೀನ್ ಹುದ್ದೆಗೂ ಇದಕ್ಕೂ ನಂಟು ಇರುವುದು ಇಲ್ಲಿಯೇ. ನಾನು ಸದಾ ಕೊಡುವ ಉದಾಹರಣೆ ಜೇನ್ ಕ್ಲೋಸ್ ಕೊನೊಲಿ. ಆಸ್ಟಿನ್‌ನ ಟೆಕ್ಸಾಸ್ ವಿಶ್ವವಿದ್ಯಾಲಯದಲ್ಲಿ ಸ್ಕೂಲ್ ಸೈಕಾಲಜಿಯಲ್ಲೇ ಪಿಎಚ್.ಡಿ. ಮಾಡಿದವರು. ಆಮೇಲೆ ನೆಬ್ರಾಸ್ಕಾದಲ್ಲಿ ಪ್ರಾಧ್ಯಾಪಕಿ. ಇಂಥ ಮನಶ್ಶಾಸ್ತ್ರದ ಪರೀಕ್ಷೆಗಳನ್ನೇ ಪರೀಕ್ಷಿಸಿ ವಿಮರ್ಶೆ ಪ್ರಕಟಿಸುವ ಬ್ಯೂರೋಸ್ ಸಂಸ್ಥೆ ಅಲ್ಲೇ ಇದೆ, ಅದರಲ್ಲೂ ದುಡಿದರು. ಅವರು ಹೆಚ್ಚು ಬರೆದದ್ದು ಮನಶ್ಶಾಸ್ತ್ರಜ್ಞೆ ಶಿಕ್ಷಕರ ಜೊತೆ ಕೂತು, ಶಿಕ್ಷಕರ ಮೂಲಕವೇ ಮಗುವಿಗೆ ನೆರವಾಗುವ ಬಗೆಯನ್ನು ಕುರಿತು. ಮುಂದೆ ಟೆಕ್ಸಾಸ್ ಎ ಅಂಡ್ ಎಂ ವಿಶ್ವವಿದ್ಯಾಲಯದಲ್ಲಿ ಶಿಕ್ಷಣ ಕಾಲೇಜಿನ ಡೀನ್, ಅಲ್ಲಿಂದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಾಂಟಾ ಬಾರ್ಬರಾ ಕ್ಯಾಂಪಸ್ಸಿನ ಗೆವಿರ್ಟ್ಸ್ ಶಿಕ್ಷಣ ಶಾಲೆಯ ಡೀನ್, ನಡುವೆ ಕೆಲವು ತಿಂಗಳು ರಿವರ್‌ಸೈಡ್‌ನಲ್ಲಿ ಹಂಗಾಮಿ ಚಾನ್ಸಲರ್, ಅಂದರೆ ಅದೇ ವಿಶ್ವವಿದ್ಯಾಲಯದ ಆ ಕ್ಯಾಂಪಸ್ಸಿನ ಮುಖ್ಯಸ್ಥೆ. 2014ರಲ್ಲಿ ಲಾಂಗ್ ಬೀಚ್‌ನ ಕ್ಯಾಲಿಫೋರ್ನಿಯಾ ಸ್ಟೇಟ್ ವಿಶ್ವವಿದ್ಯಾಲಯಕ್ಕೆ ಅಧ್ಯಕ್ಷೆ. ಅಲ್ಲಿ ಆ ಹುದ್ದೆಗೆ ನೇಮಕವಾದ ಮೊದಲ ಹೆಂಗಸು.

ಅವರು ಮನಶ್ಶಾಸ್ತ್ರ ಬಿಟ್ಟು ಆಡಳಿತಕ್ಕೆ ಹಾರಿದರು ಎಂದು ನನಗೆ ಅನಿಸುವುದಿಲ್ಲ. ಮೇಜು ದೊಡ್ಡದಾಯಿತು, ಅಷ್ಟೆ. ಕರ್ನಾಟಕದಲ್ಲಿ ಓದಿದವರಿಗೆ ಡೀನ್ ಎಂದರೆ ಹಿರಿತನದ ಸರದಿಯಲ್ಲಿ ಒಬ್ಬ ಪ್ರಾಧ್ಯಾಪಕರಿಗೆ ಬಂದು ಹೋಗುವ ಜವಾಬ್ದಾರಿ. ಇಲ್ಲಿ ಹಾಗಲ್ಲ. ದೇಶದ ಉದ್ದಗಲ ಹುಡುಕಿ, ಹೊರಗಿನವರನ್ನೇ ಕರೆತಂದು ಕೂರಿಸುವುದು ಮಾಮೂಲು. ಬಜೆಟ್ಟು, ಯಾರ ನೌಕರಿ ಖಾಯಂ ಆಗಬೇಕು ಎನ್ನುವ ಶಿಫಾರಸು, ಮಾನ್ಯತೆಯ ತಪಾಸಣೆ, ಇವೆಲ್ಲದರ ಜೊತೆಗೆ ದಾನಿಗಳ ಬಾಗಿಲು ತಟ್ಟುವುದೂ ಡೀನ್ ತಲೆಗೇ. ಗೆವಿರ್ಟ್ಸ್ ಎಂಬುದೇ ದಾನಿ ದಂಪತಿಯ ಹೆಸರು, ನೋಡಿ. ಮುನಿಸಿಕೊಂಡ ಇಬ್ಬರು ಪ್ರೊಫೆಸರುಗಳ ಮಾತನ್ನು ಕೊನೆತನಕ ಕೇಳಿ, ಇಬ್ಬರೂ ಎದ್ದು ಹೋಗದ ಹಾಗೆ ನೋಡಿಕೊಳ್ಳುವವರೇ ಅಲ್ಲಿ ಉಳಿಯುತ್ತಾರೆ. ನಮ್ಮಲ್ಲಿ ಅದಕ್ಕೆ ತರಬೇತಿಯೇ ಇದೆ.

ದಾರಿಯನ್ನು ಮಾತ್ರ ಮೊದಲೇ ಯೋಚಿಸಬೇಕು. ಶಾಲೆಯಲ್ಲಿ ಕೆಲಸ ಮಾಡಲು ಪಿಎಚ್.ಡಿ. ಬೇಡ. ಪದವಿಯ ನಂತರ ಸ್ಪೆಷಲಿಸ್ಟ್ ಕೋರ್ಸ್ ಸಾಕು: ಸಾಮಾನ್ಯವಾಗಿ ಮೂರು ವರ್ಷ, ಅದರಲ್ಲಿ 1200 ಗಂಟೆ ಇಂಟರ್ನ್‌ಶಿಪ್. ಡೀನ್ ಆಗುವುದಾದರೆ ಪಿಎಚ್.ಡಿ., ಸಂಶೋಧನೆ, ಪ್ರಾಧ್ಯಾಪಕಿ ಹುದ್ದೆ, ವಿಭಾಗದ ಮುಖ್ಯಸ್ಥಿಕೆ, ಹೀಗೆ ಬೇರೆಯೇ ಮೆಟ್ಟಿಲು. ಶಾಲೆಯ ಕೆಲಸದಲ್ಲೇ ಬಡ್ತಿ ಪಡೆದು ಡೀನ್ ಆಗುವುದು ಎಂಬುದಿಲ್ಲ. ನನ್ನ ಜೊತೆ ಸ್ಪೆಷಲಿಸ್ಟ್ ಓದಿದವರು ಬಹುತೇಕ ಶಾಲೆಗಳಲ್ಲೇ ಇದ್ದಾರೆ, ಚೆನ್ನಾಗಿಯೇ ಇದ್ದಾರೆ.

"ಕೊನೆವರೆಗೂ ಶಾಲೇಲೇನಾ" ಎಂದು ಕೇಳುವಾಗಿನ ಆ ಮರುಕ ನನಗೆ ಹಿಡಿಸುವುದಿಲ್ಲ. 500 ಮಕ್ಕಳಿಗೆ ಒಬ್ಬರು ಸ್ಕೂಲ್ ಸೈಕಾಲಜಿಸ್ಟ್ ಇರಬೇಕೆಂದು ಇಲ್ಲಿನ ರಾಷ್ಟ್ರೀಯ ಸಂಘ ಹೇಳುತ್ತದೆ. ದೇಶದ ಸರಾಸರಿಯಲ್ಲಿ ಒಬ್ಬರ ಪಾಲಿಗೆ ಬರುವುದು ಅದರ ಎರಡರಷ್ಟಕ್ಕೂ ಹೆಚ್ಚು. ಹಾಗೆಂದು ಎಲ್ಲರೂ ಶಾಲೆಯಲ್ಲೇ ಉಳಿದರೂ ನಡೆಯದು, ಹೊಸಬರಿಗೆ ಕಲಿಸುವವರೇ ಸಾಲುವುದಿಲ್ಲ. ಈ ಜಗ್ಗಾಟಕ್ಕೆ ನನ್ನ ಹತ್ತಿರ ಪರಿಹಾರವಿಲ್ಲ.

ಇನ್ನು, ಓದಿ ಊರಿಗೆ ಮರಳುವ ಯೋಚನೆ ಇರುವವರಿಗೆ. ಭಾರತದಲ್ಲಿ ಸ್ಕೂಲ್ ಸೈಕಾಲಜಿಸ್ಟ್ ಎಂದು ಪ್ರತ್ಯೇಕ ಲೈಸೆನ್ಸ್ ಇಲ್ಲ. ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಇರುವುದು ಕ್ಲಿನಿಕಲ್ ಮತ್ತು ಪುನರ್ವಸತಿ ಮನಶ್ಶಾಸ್ತ್ರಜ್ಞರಿಗೆ. ನಮ್ಮ ನೆಲಕ್ಕೆ ಈ ವಿದ್ಯೆ ಹೊಸದೇನಲ್ಲ. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಎಂ.ವಿ. ಗೋಪಾಲಸ್ವಾಮಿ 1924ರಲ್ಲೇ ಮನಶ್ಶಾಸ್ತ್ರ ವಿಭಾಗ ಕಟ್ಟಿದರು (ಮುಂದೆ ಮನೆಯಿಂದಲೇ ಆಕಾಶವಾಣಿ ಶುರು ಮಾಡಿದವರೂ ಅವರೇ). ಬುದ್ಧಿಶಕ್ತಿ ಅಳೆಯುವ ಫ್ರಾನ್ಸಿನ ಬಿನೆ ಪರೀಕ್ಷೆಯನ್ನು ವಿ.ವಿ. ಕಾಮತ್ 1930ರ ದಶಕದಲ್ಲಿ ಕನ್ನಡ ಮತ್ತು ಮರಾಠಿ ಮಕ್ಕಳಿಗೆ ಒಗ್ಗಿಸಿದರು. ಆ ಬಿನೆ-ಕಾಮತ್ ಪರೀಕ್ಷೆ ಈಚಿನವರೆಗೂ ನಮ್ಮ ಕ್ಲಿನಿಕ್ಕುಗಳಲ್ಲಿ ಬಳಕೆಯಲ್ಲಿತ್ತು. ಇವತ್ತಿನ ಕನ್ನಡ ಮಾಧ್ಯಮದ ಮಗುವಿನ ಓದು, ಬರಹ, ಲೆಕ್ಕದ ತೊಂದರೆಯನ್ನು ಅಳೆಯಲು ಹೊಸ ಪರೀಕ್ಷೆಗಳು ಬೇಕು, ಶಿಕ್ಷಕರಿಗೆ ಬಿ.ಎಡ್.ನಲ್ಲೇ ಅದರ ಪರಿಚಯ ಆಗಬೇಕು. ಅಂಥದ್ದು ಆಗುವಂತೆ ಮಾಡಲು ಅಧಿಕಾರ ಬೇಕು. ಡೀನ್ ಕುರ್ಚಿಯ ಆಸೆ ಇರುವ ಹುಡುಗಿಗೆ ನಾನು ತೋರಿಸುವ ಕೆಲಸ ಅದು.