ಹತ್ತಿರ ಹೋಗೋಕೆ ಬ್ರೇಕ್ ಹಾಕ್ಬೇಕು

ಕಂಪ್ಯೂಟರ್‌ನಲ್ಲಿ ಸ್ಪೇಸ್‌ಕ್ರಾಫ್ಟ್ ಸಿಮ್ಯುಲೇಟರ್ (ಬಾಹ್ಯಾಕಾಶ ನೌಕೆ ನಡೆಸೋದನ್ನ ಅನುಕರಿಸೋ ಪ್ರೋಗ್ರಾಂ) ಹಾರಿಸ್ತೀನಿ ಅಂದ ತಕ್ಷಣ ಜನ ಕೇಳೋದು ಒಂದೇ, ಅದ್ರಲ್ಲಿ ಶೂಟಿಂಗ್ ಇದ್ಯಾ ಅಂತ. ಇಲ್ಲ ಕಣ್ರೀ. ಏಲಿಯನ್ ಇಲ್ಲ, ಲೆವೆಲ್ ಇಲ್ಲ, ಸ್ಕೋರ್ ಇಲ್ಲ, ಗೆದ್ದೆ ಅಂತ ಹೇಳೋಕೂ ಯಾರೂ ಇಲ್ಲ. ನಮ್ಮಕ್ಕನ ಮಗ ಒಂದ್ಸಲ ಪಕ್ಕದಲ್ಲಿ ಕೂತು ನೋಡಿ, ಹಸಿರು ಗೆರೆ, ಹಸಿರು ಅಂಕಿ ಬಿಟ್ರೆ ಬೇರೇನೂ ಆಗ್ತಿಲ್ಲ ಅಂತ ಗೊತ್ತಾದ್ಮೇಲೆ "ಮಾಮ, ಇದು ನಿನ್ನ ಆಫೀಸ್ ಕೆಲ್ಸದ ಥರಾನೇ ಇದ್ಯಲ್ಲ" ಅಂತ ಎದ್ದು ಹೋದ. ಹುಡುಗ ಹೇಳಿದ್ರಲ್ಲಿ ಸತ್ಯ ಇದೆ. ಇದು ಓಡಿಸೋ ಹವ್ಯಾಸಕ್ಕಿಂತ ಜಾಸ್ತಿ ಲೆಕ್ಕ ಹಾಕಿ ಕಾಯೋ ಹವ್ಯಾಸ, ಮತ್ತೆ ನಂಗೆ ಹಿಡಿಸಿದ್ದೂ ಅದೇ.

ನಾನು ಹಾರಿಸೋದು ಮುಖ್ಯವಾಗಿ ಆರ್ಬಿಟರ್. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಮಾರ್ಟಿನ್ ಶ್ವೈಗರ್ ಅನ್ನೋರು 2000ದಲ್ಲಿ ಬಿಟ್ಟ ಸಾಫ್ಟ್‌ವೇರ್ ಇದು, ಅವತ್ತಿಂದ ಇವತ್ತಿನ ತನಕ ಫ್ರೀ, 2021ರಲ್ಲಿ ಸೋರ್ಸ್ ಕೋಡನ್ನೂ ಓಪನ್ ಮಾಡಿಬಿಟ್ರು. ಕರ್ಬಲ್ ಸ್ಪೇಸ್ ಪ್ರೋಗ್ರಾಂ ಗೊತ್ತಿರೋರು ಜಾಸ್ತಿ ಇರ್ತಾರೆ, ಅದೂ ಒಳ್ಳೇದೇ, ರಾಕೆಟ್ ಕಟ್ಟಿ ಸಿಡಿಸೋ ಮಜಾ ಬೇಕಿದ್ರೆ ಅದೇ ಸರಿ. ಆದ್ರೆ ಅದ್ರಲ್ಲಿರೋ ಗ್ರಹದ ತ್ರಿಜ್ಯ ಬರೀ 600 ಕಿಲೋಮೀಟರ್, ಸೆಕೆಂಡಿಗೆ 2.3 ಕಿ.ಮೀ. ವೇಗ ಸಿಕ್ರೆ ಸಾಕು ಕಕ್ಷೆ ಸೇರ್ಬಹುದು. ನಮ್ಮ ಭೂಮಿಗೆ 7.8 ಬೇಕು. ಆ ವ್ಯತ್ಯಾಸ ಏನು ಅಂತ ಇಂಧನದ ಮೀಟರ್ ನೋಡ್ತಾ ಕೂತಾಗ ಹೊಟ್ಟೆಗೆ ತಟ್ಟುತ್ತೆ. ಜೊತೆಗೆ ಆರ್ಬಿಟರ್‌ನಲ್ಲಿ ಸೂರ್ಯ, ಚಂದ್ರ, ಭೂಮಿ ಎಲ್ಲಾ ಒಟ್ಟಿಗೇ ಎಳೀತಿರ್ತಾವೆ, ಹಾಗಾಗಿ ಹೋದ ವಾರ ಹಾಕಿಟ್ಟ ಕಕ್ಷೆ ಈ ವಾರ ಅಲ್ಲೇ ಇರುತ್ತೆ ಅಂತ ಗ್ಯಾರಂಟಿ ಇಲ್ಲ.

ಹೊಸಬರು ಮೊದಲು ಮಾಡೋದು ಉಡಾವಣೆ. ನನ್ನ ಪ್ರಕಾರ ಅದು ಕೊನೆಗೆ ಕಲಿಯೋ ಪಾಠ, ಮತ್ತೆ ಎಲ್ಲಕ್ಕಿಂತ ಬೋರಿಂಗ್ ಭಾಗ ಕೂಡ. ಹತ್ತು ನಿಮಿಷ ಗಲಾಟೆ, ಮುಗೀತು. ಮೊದ್ಲು ಮೇಲಿಂದಾನೇ, ಅಂದ್ರೆ ಆಗ್ಲೇ ಕಕ್ಷೆಲಿರೋ ನೌಕೆಯಿಂದ ಶುರು ಮಾಡಿ. ಏನೂ ಇನ್‌ಸ್ಟಾಲ್ ಮಾಡದೇ ರುಚಿ ನೋಡ್ಬೇಕಾ, ಸ್ಪೇಸ್‌ಎಕ್ಸ್‌ನವರು 2020ರಲ್ಲಿ ಬ್ರೌಸರ್‌ನಲ್ಲೇ ಆಡೋ ಡ್ರಾಗನ್ ಡಾಕಿಂಗ್ ಸಿಮ್ಯುಲೇಟರ್ ಬಿಟ್ಟಿದ್ರು (ಡ್ರಾಗನ್ ಅವರ ನೌಕೆ, ಡಾಕಿಂಗ್ ಅಂದ್ರೆ ಅದನ್ನ ಸ್ಪೇಸ್ ಸ್ಟೇಷನ್‌ಗೆ ಅಂಟಿಸೋದು), ನಡುವೆ ಇರೋ ಹಸಿರು ಅಂಕಿಗಳನ್ನೆಲ್ಲಾ 0.2ರ ಒಳಗೆ ತಂದು ಅಂಟಿಸ್ಬೇಕು. ಸುಲಭ ಅನ್ಸುತ್ತೆ, ಕೈ ಇಟ್ಟು ನೋಡಿ. ಒಂದು ಬಟನ್ ಎರಡು ಸಲ ಒತ್ತಿದ್ರೆ ಎರಡು ಪಟ್ಟು ವೇಗ, ಆ ವೇಗವನ್ನ ತೆಗೆಯೋಕೆ ಉಲ್ಟಾ ಬಟನ್ ಎರಡು ಸಲ ಒತ್ತಲೇಬೇಕು, ತಾನಾಗೇ ನಿಲ್ಲೋಕೆ ಅಲ್ಲಿ ಗಾಳಿನೂ ಇಲ್ಲ ರಸ್ತೆನೂ ಇಲ್ಲ.

ಆದ್ರೆ ಅದು ಕೊನೇ ಇನ್ನೂರು ಮೀಟರ್ ಅಷ್ಟೇ. ನಿಜವಾದ ತಲೆಕೆಡೋ ವಿಷಯ ಇರೋದು ಅದಕ್ಕೂ ಮುಂಚೆ, ಸ್ಟೇಷನ್ ಇನ್ನೂರು ಮುನ್ನೂರು ಕಿ.ಮೀ. ಮುಂದೆ ಇದ್ದಾಗ.

ಉದಾಹರಣೆಗೆ, ನೀವೂ ಸ್ಪೇಸ್ ಸ್ಟೇಷನ್ನೂ ಒಂದೇ 400 ಕಿ.ಮೀ. ಎತ್ತರದ ದುಂಡು ಕಕ್ಷೆಲಿದ್ದೀರ, ಅದು ನಿಮಗಿಂತ 230 ಕಿ.ಮೀ. ಮುಂದಿದೆ ಅನ್ಕೊಳ್ಳಿ. ಹೊರಡ್ತಿರೋ ಬಸ್ಸಿನ ಹಿಂದೆ ಓಡೋ ಹಾಗೆ ಮುಂದಕ್ಕೆ ಎಂಜಿನ್ ಹಾಕಿದ್ರೆ ನಿಮ್ಮ ಕಕ್ಷೆ ದೊಡ್ಡದಾಗುತ್ತೆ, ದೊಡ್ಡ ಕಕ್ಷೆ ಸುತ್ತೋಕೆ ಜಾಸ್ತಿ ಹೊತ್ತು, ನೀವು ಇನ್ನೂ ಹಿಂದೆ ಬೀಳ್ತೀರ. ಮಾಡ್ಬೇಕಾದ್ದು ಉಲ್ಟಾ. ಮೂತಿ ಹಿಂದಕ್ಕೆ ತಿರುಗಿಸಿ ಸೆಕೆಂಡಿಗೆ ಸುಮಾರು 14 ಮೀಟರಿನಷ್ಟು ವೇಗ ಕಮ್ಮಿ ಮಾಡ್ಕೋಬೇಕು. ಆಗ ಭೂಮಿಯ ಆಚೆ ಬದಿಲಿ ನಿಮ್ಮ ಎತ್ತರ 350ಕ್ಕೆ ಇಳಿಯುತ್ತೆ, 92 ನಿಮಿಷ ಚಿಲ್ಲರೆಯ ಸುತ್ತಿನಲ್ಲಿ ಅರ್ಧ ನಿಮಿಷ ಉಳಿಯುತ್ತೆ, ಸೆಕೆಂಡಿಗೆ 7.67 ಕಿ.ಮೀ. ಲೆಕ್ಕದಲ್ಲಿ ಆ ಅರ್ಧ ನಿಮಿಷ ಅಂದ್ರೆ 230 ಕಿ.ಮೀ. ಒಂದು ಸುತ್ತು ಮುಗಿಸಿ ಅದೇ ಜಾಗಕ್ಕೆ ಬಂದಾಗ ಸ್ಟೇಷನ್ ಕಣ್ಮುಂದೆ! ಅಲ್ಲಿ ಕಳ್ಕೊಂಡ 14 ಮೀಟರ್ ವಾಪಸ್ ಹಾಕಿದ್ರೆ ಇಬ್ರದ್ದೂ ಒಂದೇ ಕಕ್ಷೆ. ಈ ಮಧ್ಯೆ ಒಂದೂವರೆ ಗಂಟೆ ನಿಮಗೆ ಬೇರೆ ಕೆಲಸ ಇಲ್ಲ. ಟಿ ಕೀ ಒತ್ತಿ ಸಮಯ ಓಡಿಸಬಹುದು, ನಾನು ಕೆಲವು ಸಲ ಓಡಿಸದೇ ಬಿಟ್ಟು ಪಾತ್ರೆ ತೊಳ್ಕೊಂಡು ಬರ್ತೀನಿ.

ಇದು ಪುಸ್ತಕದಲ್ಲಿ ಓದಿದ್ರೆ ತಲೆಗೆ ಹೋಗುತ್ತೆ, ಕೈಗೆ ಹೋಗಲ್ಲ. ನಿಜವಾದ ಗಗನಯಾತ್ರಿಗಳಿಗೇ ಹೋಗಿರ್ಲಿಲ್ಲ. 1965ರ ಜೂನ್‌ನಲ್ಲಿ ಅಮೆರಿಕದ ಜೆಮಿನಿ 4 ನೌಕೆಯಲ್ಲಿ ಜೇಮ್ಸ್ ಮ್ಯಾಕ್‌ಡಿವಿಟ್ ತಮ್ಮದೇ ರಾಕೆಟ್‌ನ ಖಾಲಿ ಮೇಲ್ಹಂತದ ಹತ್ತಿರ ಹೋಗೋಕೆ ನೋಡಿದ್ರು, ಅದರ ಕಡೆಗೇ ಮುಖ ಮಾಡಿ ಥ್ರಸ್ಟ್ ಕೊಟ್ರೆ ಅದು ದೂರ ದೂರ ಹೋಗ್ತಾ ಇತ್ತು, ಕೊನೆಗೆ ಇಂಧನ ಉಳಿಸೋಕೆ ಕೈಬಿಟ್ರು. ಟೆಸ್ಟ್ ಪೈಲಟ್ ಅವರು, ವಿಮಾನದ ಅಭ್ಯಾಸ ಹಾಗೆ. ಅದೇ ವರ್ಷ ಡಿಸೆಂಬರ್‌ನಲ್ಲಿ ಜೆಮಿನಿ 6ಎ ಲೆಕ್ಕ ಹಾಕಿಕೊಂಡೇ ಹೋಗಿ ಜೆಮಿನಿ 7ರ ಪಕ್ಕ ಒಂದಡಿ ದೂರದ ತನಕ ನಿಂತಿತ್ತು.

ಇನ್ನೊಂದು ದುಬಾರಿ ವಿಷಯ ಕಕ್ಷೆಯ ವಾಲು. ಸ್ಪೇಸ್ ಸ್ಟೇಷನ್ ಸಮಭಾಜಕಕ್ಕೆ 51.6 ಡಿಗ್ರಿ ವಾಲಿಕೊಂಡು ಸುತ್ತುತ್ತೆ. ನಿಮ್ಮ ಕಕ್ಷೆ ಅದಕ್ಕಿಂತ ಒಂದೇ ಒಂದು ಡಿಗ್ರಿ ಬೇರೆ ಇದ್ರೂ ಅದನ್ನ ಸರಿ ಮಾಡೋಕೆ ಸೆಕೆಂಡಿಗೆ 130 ಮೀಟರ್‌ಗಿಂತ ಜಾಸ್ತಿ ವೇಗದ ಖರ್ಚು, ಹಿಂದೆ ಹೇಳಿದ ಆ ಇಡೀ ಬೆನ್ನಟ್ಟುವಿಕೆಗೆ 14ಕ್ಕೆ 14 ಸೇರಿ 28 ಸಾಕಾಗಿತ್ತು ಅನ್ನೋದು ನೆನಪಿರ್ಲಿ. ಅದಕ್ಕೇ ಉಡಾವಣೆಗೆ ಕಾಯೋದು, ನಿಮ್ಮ ಲಾಂಚ್ ಪ್ಯಾಡ್ ಭೂಮಿ ಜೊತೆ ತಿರುಗಿ ಆ ಕಕ್ಷೆಯ ಕೆಳಗೆ ಬರೋ ಕ್ಷಣಕ್ಕೆ. ಉಡಾವಣೆ ಕೊನೇ ಪಾಠ ಅಂದಿದ್ದು ಇದಕ್ಕೇ, ಎಲ್ಲಿಗೆ ಹೋಗ್ಬೇಕು ಅಂತ ಗೊತ್ತಿಲ್ದೇ ಯಾವಾಗ ಹೊರಡ್ಬೇಕು ಅಂತ ಹೇಗೆ ಗೊತ್ತಾಗುತ್ತೆ?

ಡಾಕಿಂಗ್ ಬಗ್ಗೆ ಹೇಳ್ತೀನಿ, ಯಾಕಂದ್ರೆ ನನ್ನ ರಾತ್ರಿಗಳು ಹೋಗಿದ್ದು ಅಲ್ಲೇ. ಆರ್ಬಿಟರ್ ಜೊತೆ ಬರೋ ಡೆಲ್ಟಾ ಗ್ಲೈಡರ್ ಅನ್ನೋ ರೆಕ್ಕೆಯ ನೌಕೆ ತಗೊಳ್ಳಿ, ಸ್ಟೇಷನ್‌ಗೆ ಅಂಟಿಕೊಂಡಿರೋ ಸಿನಾರಿಯೋ ಇದೆ, ಕಂಟ್ರೋಲ್ ಮತ್ತು ಡಿ ಒತ್ತಿ ಬಿಡಿಸ್ಕೊಂಡು ಸ್ವಲ್ಪ ಹಿಂದೆ ಬನ್ನಿ, ಮತ್ತೆ ವಾಪಸ್ ಹೋಗಿ ಅಂಟಿ. ಬೇಕಾಗೋದು ನಂಪ್ಯಾಡ್ (ಕೀಬೋರ್ಡಿನ ಬಲಗಡೆ ಇರೋ ಅಂಕಿ ಕೀಗಳು) ಒಂದೇ, ಲ್ಯಾಪ್‌ಟಾಪ್‌ನಲ್ಲಿ ಅದಿಲ್ದಿದ್ರೆ ಯುಎಸ್‌ಬಿ ನಂಪ್ಯಾಡ್ ಕಮ್ಮಿ ದುಡ್ಡಿಗೇ ಸಿಗುತ್ತೆ, ಜಾಯ್‌ಸ್ಟಿಕ್‌ಗಿಂತ ಮುಂಚೆ ಇದನ್ನ ತಗೊಳ್ಳಿ. ಐದರ ಕೀ ಒತ್ತಿದ್ರೆ ಗಿರಗಿರ ಸುತ್ತೋದು ನಿಲ್ಲುತ್ತೆ. ಭಾಗಾಕಾರದ ಕೀ ಒತ್ತಿದ್ರೆ ಅದೇ ಬಟನ್‌ಗಳು ನೌಕೆಯನ್ನ ತಿರುಗಿಸೋ ಬದ್ಲು ಸರಿಸೋಕೆ ಶುರು ಮಾಡ್ತವೆ. ಈ ಎರಡನ್ನ ಬೇರೆ ಬೇರೆ ಮಾಡಿ ಯೋಚಿಸೋದೇ ಅರ್ಧ ವಿದ್ಯೆ: ಮೊದ್ಲು ಮೂತಿ ನೇರ ಮಾಡಿ, ಆಮೇಲೆ ಅದನ್ನ ಮುಟ್ಟಬೇಡಿ, ಬರೀ ಸರಿಸಿ. ಡಾಕಿಂಗ್ ಸ್ಕ್ರೀನ್‌ನಲ್ಲಿ ಎರಡು ಅಂಕಿ ಮೇಲೆ ಕಣ್ಣಿರ್ಲಿ, ದೂರ ಮತ್ತು ಹತ್ತಿರ ಆಗೋ ವೇಗ. ನೂರು ಮೀಟರ್ ದೂರದಲ್ಲಿ ಸೆಕೆಂಡಿಗೆ ಅರ್ಧ ಮೀಟರ್ ವೇಗ ಇದ್ರೆ ನಂಗೆ ನೆಮ್ಮದಿ, ಕೊನೇ ಹತ್ತು ಮೀಟರ್‌ಗೆ 0.1. ಅಂದ್ರೆ ಆ ಹತ್ತು ಮೀಟರ್‌ಗೇ ಒಂದು ನಿಮಿಷ ನಲವತ್ತು ಸೆಕೆಂಡ್. ಅಷ್ಟು ಹೊತ್ತು ಏನೂ ಒತ್ತದೇ ಕೂರೋದು ಎಷ್ಟು ಕಷ್ಟ ಅಂತ ಕೂತೋರಿಗೇ ಗೊತ್ತು, ಬೆರಳು ತುರಿಸುತ್ತೆ.

ಇದೆಲ್ಲಾ ಕೈಗೆ ಬಂದ್ಮೇಲೆ ಇಸ್ರೋ ಸುದ್ದಿ ಓದೋ ರೀತಿನೇ ಬದಲಾಯ್ತು. ಎರಡು ಉಪಗ್ರಹಗಳನ್ನ ಒಂದಕ್ಕೊಂದು ಅಂಟಿಸೋ ಸ್ಪೇಡೆಕ್ಸ್ ಪ್ರಯೋಗ 2024ರ ಡಿಸೆಂಬರ್ 30ಕ್ಕೆ ಹಾರಿ 2025ರ ಜನವರಿ 16ಕ್ಕೆ ಡಾಕ್ ಆಯ್ತಲ್ಲ, ನಡುವೆ 15 ಮೀಟರ್, ಆಮೇಲೆ 3 ಮೀಟರ್ ತನಕ ಹೋಗಿ ವಾಪಸ್ ಸರಿದಾಗ ವಾಟ್ಸಾಪ್ ಗ್ರೂಪ್‌ನಲ್ಲಿ ಫೇಲ್ ಫೇಲ್ ಅಂತ ಹಾಕಿದ್ರು. ಮೂರು ಮೀಟರ್‌ನಲ್ಲಿ ನಿಂತು ಸುರಕ್ಷಿತವಾಗಿ ಹಿಂದೆ ಬರೋದೇ ದೊಡ್ಡ ಕೆಲಸ ಮಾರಾಯ್ರೆ! ಚಂದ್ರಯಾನ 3 ಕೂಡ ಹಾಗೇ. ಅಮೆರಿಕದ ಅಪೊಲೊ ಮೂರ್ನಾಲ್ಕು ದಿನದಲ್ಲಿ ಚಂದ್ರ ತಲುಪ್ತು, ನಮ್ಮದಕ್ಕೆ 2023ರ ಜುಲೈ 14ರಿಂದ ಆಗಸ್ಟ್ 5 ಯಾಕೆ ಬೇಕಾಯ್ತು ಅಂತ ಕೇಳೋರಿಗೆ ನಾನು ಲ್ಯಾಪ್‌ಟಾಪ್ ತೆಗ್ದು ತೋರಿಸ್ತೀನಿ. ಸಣ್ಣ ಎಂಜಿನ್, ಕಮ್ಮಿ ಇಂಧನ, ಹಾಗಾಗಿ ಭೂಮಿಗೆ ಹತ್ತಿರ ಬಂದು ವೇಗ ಜಾಸ್ತಿ ಇದ್ದಾಗ ಮಾತ್ರ ಸ್ವಲ್ಪ ಸ್ವಲ್ಪ ಎಂಜಿನ್ ಉರಿಸೋದು, ಪ್ರತಿ ಸಲ ಆ ಕಡೆಯ ತುದಿ ಇನ್ನಷ್ಟು ದೂರ ಹೋಗುತ್ತೆ. ಶುರುವಿನಲ್ಲಿ 170 ಇಂಟು 36,500 ಕಿ.ಮೀ. (ಹತ್ತಿರದ ತುದಿ, ದೂರದ ತುದಿ) ಇದ್ದ ಕಕ್ಷೆ ಜುಲೈ 25ರ ಹೊತ್ತಿಗೆ 236 ಇಂಟು 1,27,609 ಆಗಿತ್ತು. ಹತ್ತಿರದ ತುದಿ ಹೆಚ್ಚುಕಮ್ಮಿ ಅಲ್ಲೇ ಇದೆ ನೋಡಿ. ಪೀಣ್ಯದ ಇಸ್ಟ್ರ್ಯಾಕ್‌ನಲ್ಲಿ (ನೌಕೆಗಳನ್ನ ನೆಲದಿಂದ ನಿಯಂತ್ರಿಸೋ ಇಸ್ರೋ ಕೇಂದ್ರ) ಕೂತೋರು ಇದನ್ನ ಮಾಡ್ತಿದ್ದ ದಿನಗಳಲ್ಲಿ ನಾನೂ ರಾತ್ರಿ ಊಟ ಆದ್ಮೇಲೆ ಅದೇ ಅಂಕಿ ಹಾಕಿಕೊಂಡು ಉರಿಸ್ತಿದ್ದೆ, ಅವರಿಗೆ ಸಮಯ ಓಡಿಸೋ ಟೈಮ್ ವಾರ್ಪ್ ಇರ್ಲಿಲ್ಲ ಅನ್ನೋದೇ ವ್ಯತ್ಯಾಸ (ಮತ್ತೆ ನನ್ನ ಹತ್ರ ಸೇವ್ ಮಾಡೋಕೆ ಕಂಟ್ರೋಲ್ ಮತ್ತು ಎಸ್ ಇದೆ).

ಹುಚ್ಚು ಇನ್ನೂ ಏರಿದ್ರೆ ಆರ್ಬಿಟರ್‌ಗೆ ನಾಸ್ಪ್ ಅನ್ನೋ ಅಪೊಲೊ ಆಡ್‌ಆನ್ ಇದೆ. ಅದ್ರಲ್ಲಿ ಓಡೋದು ಅಪೊಲೊ ನೌಕೆಗೆ ದಾರಿ ತೋರಿಸ್ತಿದ್ದ ಅಪೊಲೊ ಗೈಡೆನ್ಸ್ ಕಂಪ್ಯೂಟರ್‌ನ ನಿಜವಾದ ಪ್ರೋಗ್ರಾಂ. ಅಲ್ಲಿ ಮೌಸ್ ಮೆನು ಇಲ್ಲ, ವರ್ಬ್ (ಏನು ಮಾಡ್ಬೇಕು), ನೌನ್ (ಯಾವುದರ ಮೇಲೆ) ಅಂತ ಎರಡು ಬಟನ್, ಮಿಕ್ಕಿದ್ದು ಹೆಚ್ಚಾಗಿ ಅಂಕಿ. ನಂಗೆ ತುಂಬಾ ಇಷ್ಟ ಅದರ 52ನೇ ಪ್ರೋಗ್ರಾಂ. ಅದನ್ನ ಶುರು ಮಾಡೋಕೆ ವರ್ಬ್ 37 ಎಂಟರ್, 52 ಎಂಟರ್. ನೌಕೆ ಯಾವ ಕಡೆ ಮುಖ ಮಾಡಿದೆ ಅನ್ನೋ ಅಂದಾಜು ನಿಧಾನಕ್ಕೆ ತಪ್ತಾ ಹೋಗುತ್ತೆ, ಅದನ್ನ ನಕ್ಷತ್ರ ನೋಡಿ ಸರಿ ಮಾಡೋದು ಇದರ ಕೆಲಸ. ಸೆಕ್ಸ್ಟೆಂಟ್‌ನಲ್ಲಿ (ಕೋನ ಅಳೆಯೋ ದುರ್ಬೀನು) ಒಂದು ನಕ್ಷತ್ರವನ್ನ ಗೆರೆಗಳ ನಡುವೆ ತಂದು ಮಾರ್ಕ್ ಒತ್ತಿ, ಇನ್ನೊಂದಕ್ಕೂ ಹಾಗೇ ಮಾಡಿ, ಆಗ ಕಂಪ್ಯೂಟರ್ ಆ ಎರಡರ ನಡುವಿನ ಕೋನ ಎಷ್ಟು ತಪ್ಪಿದೆ ಅಂತ ಡಿಗ್ರಿಯ ನೂರನೇ ಭಾಗದಲ್ಲಿ ತೋರಿಸುತ್ತೆ. ಐದೂ ಸೊನ್ನೆ ಬಂದ್ರೆ ಪರ್ಫೆಕ್ಟ್. ಅದರ ಪಟ್ಟಿಲಿರೋದು 37 ನಕ್ಷತ್ರ, ರೋಹಿಣಿ, ಮಖಾ, ಚಿತ್ತಾ, ಸ್ವಾತಿ, ಜ್ಯೇಷ್ಠಾ ಎಲ್ಲಾ ಇದಾವೆ, ನಮ್ಮಮ್ಮನ ಕ್ಯಾಲೆಂಡರ್‌ನಲ್ಲಿ ಇರೋವೇ.

ಇನ್ನು ಕಂಪ್ಯೂಟರ್ ಎಂಥದ್ದು ಬೇಕು ಅಂದ್ರೆ, ಆರ್ಬಿಟರ್‌ಗೆ ಹಳೇ ವಿಂಡೋಸ್ ಲ್ಯಾಪ್‌ಟಾಪ್ ಸಾಕು, ಆ ಹತ್ತಾರು ಜಿಬಿ ಹೈ ರೆಸಲ್ಯೂಷನ್ ಚಿತ್ರಗಳನ್ನ ಆಮೇಲೆ ಹಾಕ್ಕೊಳ್ಳಿ. ಆಟೋಪೈಲಟ್ ಬಳಸಬಾರದು ಅನ್ನೋ ಶುದ್ಧಾಚಾರಿಗಳ ಮಾತು ಕೇಳ್ಬೇಡಿ, ಮೂತಿ ತಿರುಗಿಸೋ ಕೆಲಸ ಅದಕ್ಕೇ ಬಿಡಿ, ಯಾವಾಗ ಎಷ್ಟು ಉರಿಸ್ಬೇಕು ಅನ್ನೋದನ್ನ ಮಾತ್ರ ನೀವಿಟ್ಕೊಳ್ಳಿ. ನಾನೀಗ ಆರ್ಬಿಟರ್‌ನ ಚಂದ್ರನ ಮೇಲಿರೋ ಬ್ರೈಟನ್ ಬೀಚ್ ಅನ್ನೋ ಕಾಲ್ಪನಿಕ ಬೇಸ್‌ನಲ್ಲಿ ಕೈಯಾರೆ ಇಳಿಸೋದು ಅಭ್ಯಾಸ ಮಾಡ್ತಿದ್ದೀನಿ, ಅಲ್ಲಿ ಗಾಳಿ ಇಲ್ಲ, ರೆಕ್ಕೆ ಉಪಯೋಗಕ್ಕೆ ಬರಲ್ಲ, ಅಡ್ಡ ವೇಗವನ್ನೂ ಬೀಳೋ ವೇಗವನ್ನೂ ಎರಡನ್ನೂ ಎಂಜಿನ್ನಲ್ಲೇ ಕೊಲ್ಲಬೇಕು, ಅದೂ ಇಂಧನ ಮುಗಿಯೋದ್ರೊಳಗೆ. ಯಾರಾದ್ರೂ ಇದನ್ನ ಮಾಡ್ತಿದ್ರೆ ನೀವು ಎಷ್ಟು ಎತ್ತರದಿಂದ ಬ್ರೇಕ್ ಹಾಕೋಕೆ ಶುರು ಮಾಡ್ತೀರ ಅಂತ ಹೇಳಿ, ನಾನು 15 ಕಿ.ಮೀ.ಯಿಂದ ಶುರು ಮಾಡ್ತಿದ್ದೀನಿ.